ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಹುಟ್ಟುವ ಅನುಮಾನಗಳನ್ನು ನೀವು ಯಾರನ್ನು ಕೇಳ್ತೀರಿ?

ಗವಿಪುರದ ಮಗಳು

ಅಪ್ಪನಿಗೆ 71 ವರ್ಷ. ಹೋದ ತಿಂಗಳು ಎದೆನೋವು ಬಂದು ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳ ತೆರೆದಿಡೋ ಸಣ್ಣ ನಳಿಕೆ) ಹಾಕಿಸಿದೆವು. ಚಿಕಿತ್ಸೆ ಬಗ್ಗೆ ನನ್ನದೇನೂ ದೂರಿಲ್ಲ, ಡಾಕ್ಟರು ಅಪ್ಪನ ಜೀವ ಉಳಿಸಿದ್ದಾರೆ. ನನ್ನ ಸಂಕಟ ಇರೋದು ಆಮೇಲಿನ ಒಂಬತ್ತು ದಿನಗಳ ಬಗ್ಗೆ.

ಡಿಸ್ಚಾರ್ಜ್ ದಿನ ಬೆಳಗ್ಗೆಯೇ "ಹೋಗಬಹುದು" ಅಂದರು. ಇನ್ಶೂರೆನ್ಸ್ ಅಪ್ರೂವಲ್ ಬರೋ ಹೊತ್ತಿಗೆ ಸಂಜೆ ಆರೂವರೆ. ಅಷ್ಟರಲ್ಲಿ ಡ್ಯೂಟಿ ಬದಲಾಗಿತ್ತು, ಮೂರು ದಿನ ನೋಡಿಕೊಂಡ ಸಿಸ್ಟರ್ ಮನೆಗೆ ಹೋಗಿದ್ದರು. ಹೊಸಬರು ಮಾತ್ರೆ ಕವರ್ ಬಿಚ್ಚಿ "ಇದು ಬೆಳಗ್ಗೆ, ಇದು ರಾತ್ರಿ, ಇದು ಊಟಕ್ಕೆ ಮುಂಚೆ" ಅಂತ ಹೇಳಿದರು. ಅಪ್ಪ ತಲೆಯಾಡಿಸಿದರು, ನಾನೂ ಆಡಿಸಿದೆ. ಕೆಳಗೆ ಆಟೋ ಕಾಯ್ತಿತ್ತು.

ಅಪ್ಪ ಹನ್ನೊಂದು ವರ್ಷದಿಂದ ಬಿಪಿಗೆ ಅಂತ ಅಟೆನೊಲಾಲ್ ತಗೊಳ್ತಿದ್ದರು. ಹೊಸ ಚೀಟಿಯಲ್ಲಿ ಮೆಟೊಪ್ರೊಲಾಲ್ ಇತ್ತು. ಹಳೇದನ್ನ ಮುಂದುವರಿಸಿ ಅಂತಲೂ ಇರಲಿಲ್ಲ, ನಿಲ್ಲಿಸಿ ಅಂತಲೂ ಇರಲಿಲ್ಲ. ಅಪ್ಪನ ಲೆಕ್ಕದಲ್ಲಿ ಒಂದು ಬಿಪಿಗೆ, ಇನ್ನೊಂದು ಹೃದಯಕ್ಕೆ. ಎರಡನ್ನೂ ನುಂಗಿದರು. ಮೂರನೇ ದಿನ ನನಗೆ ಅನುಮಾನ ಬಂತು. ಫೈಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ರಿಸೆಪ್ಷನ್‌ನವರು ವಾರ್ಡಿಗೆ ಕೊಟ್ಟರು, ವಾರ್ಡಿನವರು "ಪೇಷಂಟ್ ಡಿಸ್ಚಾರ್ಜ್ ಆಗಿದ್ದಾರಲ್ಲ ಮೇಡಂ, ಓಪಿಡಿಗೆ ಕೇಳಿ" ಅಂದರು, ಓಪಿಡಿಯವರು "ರಿವ್ಯೂ ಡೇಟಿಗೆ ಬಂದಾಗ ಡಾಕ್ಟರ್ ಹತ್ರಾನೇ ಕೇಳಿಬಿಡಿ" ಅಂದರು. ರಿವ್ಯೂ ಇದ್ದಿದ್ದು ಹನ್ನೆರಡು ದಿನ ಆದಮೇಲೆ.

ಒಂಬತ್ತನೇ ದಿನ ಬೆಳಗ್ಗೆ ಬಚ್ಚಲಮನೆಯಲ್ಲಿ ತಲೆಸುತ್ತಿ ಬಿದ್ದರು. ಮೊಣಕೈ ಜಜ್ಜಿತು. ಹನುಮಂತನಗರದ ನಮ್ಮ ಹಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ನಾಡಿ ನಿಮಿಷಕ್ಕೆ 44. ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟುಕೊಂಡು ನೋಡಿ, "ಇವೆರಡೂ ಒಂದೇ ಜಾತಿ ಔಷಧಿ ಕಣಮ್ಮ, ಎರಡೂ ನಾಡಿ ನಿಧಾನ ಮಾಡ್ತವೆ" ಅಂದರು.

ನಾನು ಕೇಳಿದ್ದೆ. ಮೂರನೇ ದಿನವೇ ಕೇಳಿದ್ದೆ. ಅದಕ್ಕೆ ಉತ್ತರ ಕೊಡೋ ಕೆಲಸ ಅಲ್ಲಿ ಯಾರದ್ದೂ ಆಗಿರಲಿಲ್ಲ. ನಿಮ್ಮ ಮನೆಗಳಲ್ಲಿ ಇಂಥ ಸಮಯದಲ್ಲಿ ಏನು ಮಾಡ್ತೀರಿ? ಆಸ್ಪತ್ರೆಯಲ್ಲಿ ಕೆಲಸ ಮಾಡೋರು ಇಲ್ಲಿದ್ದರೆ ದಯವಿಟ್ಟು ನೀವೂ ಹೇಳಿ.

ವಿಜಯನಗರ ಕ್ಲಿನಿಕ್

ನಾನು ಜನರಲ್ ಪ್ರಾಕ್ಟೀಸ್ ಮಾಡ್ತೀನಿ, ಇಪ್ಪತ್ತೆರಡು ವರ್ಷವಾಯಿತು. ಮೊದಲು ಓದುಗರಿಗೆಲ್ಲ ಒಂದು ಮಾತು: ಈ ಪೋಸ್ಟ್ ನೋಡಿ ಯಾರೂ ತಾವಾಗಿಯೇ ಇವೆರಡರಲ್ಲಿ ಯಾವುದನ್ನೂ ನಿಲ್ಲಿಸಬೇಡಿ. ಹೃದಯಕ್ಕೆ ತೊಂದರೆಯಾದವರು ಈ ಗುಂಪಿನ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಎದೆನೋವು ಮರುಕಳಿಸುವ ಅಪಾಯ ಇದೆ. ಸ್ಟೆಂಟ್ ಹಾಕಿದವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಬಿಡುವುದಂತೂ ಇನ್ನೂ ಅಪಾಯ, ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸಲು ಹೋದಾಗ ಅಲ್ಲಿ "ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಿ ಬನ್ನಿ" ಅಂದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಕೂಡದು.

ಈಗ ನಿಮ್ಮ ಪ್ರಶ್ನೆಗೆ. ನಮ್ಮ ಕಡೆಯ ತಪ್ಪು ಎಲ್ಲಿದೆ ಅಂತ ನನಗೆ ಗೊತ್ತು. ರೋಗಿಗೆ ಹೇಳೋದನ್ನೆಲ್ಲ ಹೇಳಿ ಕೊನೆಗೆ "ಅರ್ಥ ಆಯ್ತಾ?" ಅಂತೀವಿ. ಯಾರಾದರೂ ಇಲ್ಲ ಅಂತಾರಾ? "ಆಯ್ತು ಸಾರ್" ಅಂತಾರೆ. ಹಿಂದೆ ಹದಿನೈದು ಜನ ಕೂತಿರ್ತಾರೆ, ಡಾಕ್ಟರ ಎದುರು ದಡ್ಡರ ಥರ ಕಾಣಬಾರದು ಅನ್ನೋ ಸಂಕೋಚ ಬೇರೆ. ಡಾಕ್ಟರು ಹೇಳಿದ್ದರಲ್ಲಿ ಶೇಕಡಾ 40ರಿಂದ 80ರಷ್ಟು ರೋಗಿಗೆ ಆಗಿಂದಾಗಲೇ ಮರೆತುಹೋಗುತ್ತದೆ ಅಂತ 2003ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಲೇಖನ ಹೇಳಿತ್ತು. 2017ರಲ್ಲಿ 67 ದೇಶಗಳ ಮಾಹಿತಿ ಒಟ್ಟುಮಾಡಿದ ಇನ್ನೊಂದು ಅಧ್ಯಯನದಲ್ಲಿ ನಮ್ಮ ದೇಶದ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸುಮಾರು ಎರಡು ನಿಮಿಷ ಅಂತ ಬಂತು. ಎರಡು ನಿಮಿಷದಲ್ಲಿ ಹೇಳಿದ್ದು, ಅದರಲ್ಲೂ ಅರ್ಧ ಮರೆತದ್ದು ಅಂದರೆ ಮನೆಗೆ ಏನು ತಲುಪಿತು, ನೀವೇ ಲೆಕ್ಕ ಹಾಕಿ.

ನಾನು ಆರೇಳು ವರ್ಷದಿಂದ ಪ್ರಶ್ನೆ ಬದಲಾಯಿಸಿದ್ದೀನಿ. "ಮನೆಗೆ ಹೋದಮೇಲೆ ಮಗಳು ಕೇಳ್ತಾಳಲ್ಲ, ಡಾಕ್ಟ್ರು ಏನಂದ್ರು ಅಂತ, ಅವಳಿಗೆ ಏನು ಹೇಳ್ತೀರಿ? ನನಗೊಂದ್ಸಲ ಹೇಳಿ" ಅಂತೀನಿ. ಮೊದಮೊದಲು ನಗ್ತಾರೆ. ಆಮೇಲೆ ಹೇಳ್ತಾರೆ, ಆಗ ಗೊತ್ತಾಗುತ್ತೆ. ಹೋದ ವಾರ ಒಬ್ಬ ಅಜ್ಜಿ, ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ ಅಂದಿದ್ದಕ್ಕೆ, "ಕಾಫಿ ಕುಡಿದು, ತಿಂಡಿಗೆ ಮುಂಚೆ" ಅಂತ ಒಪ್ಪಿಸಿದರು. ಅವರ ಪಾಲಿಗೆ ಕಾಫಿ ಹೊಟ್ಟೆಗೆ ಹೋದ ಲೆಕ್ಕವೇ ಅಲ್ಲ. ನಾನು ಕೇಳದೇ ಇದ್ದಿದ್ದರೆ ಎರಡು ತಿಂಗಳು ಬಿಟ್ಟು ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿದಿಲ್ಲ ಅಂತ ಡೋಸ್ ಜಾಸ್ತಿ ಮಾಡ್ತಿದ್ದೆ.

ವಾರ್ಡ್ ಸಿಸ್ಟರ್

ಗವಿಪುರದ ಅಕ್ಕ, ಓದಿ ತುಂಬ ಬೇಜಾರಾಯ್ತು. ಅಪ್ಪ ಈಗ ಹೇಗಿದ್ದಾರೆ?

ನಮ್ಮ ಕಡೆಯಿಂದ ಹೇಳ್ತೀನಿ. ಡಿಸ್ಚಾರ್ಜ್ ಎಲ್ಲಾ ಒಂದೇ ಹೊತ್ತಿಗೆ ಬೀಳುತ್ತೆ. ಸಮ್ಮರಿ ಟೈಪ್ ಆಗಿ ಬರಬೇಕು, ಫಾರ್ಮಸಿ ರಿಟರ್ನ್ ಆಗಬೇಕು, ಬಿಲ್ ಕ್ಲಿಯರ್ ಆಗಬೇಕು, ಅಷ್ಟೊತ್ತಿಗೆ ಆ ಬೆಡ್ಡಿಗೆ ಕೆಳಗೆ ಎಮರ್ಜೆನ್ಸಿಯಲ್ಲಿ ಇನ್ನೊಬ್ಬರು ಕಾಯ್ತಿರ್ತಾರೆ. ಮಾತ್ರೆ ವಿವರಿಸೋದು ಎಲ್ಲದಕ್ಕಿಂತ ಕೊನೆ. ಆ ಹೊತ್ತಲ್ಲಿ ನೀವೂ ಸುಸ್ತು, ನಾವೂ ಸುಸ್ತು.

ಭಾಷೆಯದ್ದೂ ಇದೆ. ನಮ್ಮ ವಾರ್ಡಲ್ಲಿ ಅರ್ಧ ಜನ ಕೇರಳದವರು, ಇಬ್ಬರು ಮಣಿಪುರದವರು. ಕೆಲಸದಲ್ಲಿ ಚಿನ್ನದಂಥ ಹುಡುಗಿಯರು. ಒಂದು ವರ್ಷದಲ್ಲಿ "ನೋವಿದೆಯಾ, ಊಟ ಆಯ್ತಾ, ಮೂತ್ರ ಹೋಯ್ತಾ" ಕಲಿತುಬಿಡ್ತಾರೆ. ಆದರೆ "ಹಳೇ ಮಾತ್ರೆ ಇದ್ದರೆ ನಿಲ್ಲಿಸಿ, ಯಾಕಂದ್ರೆ ಇದರಲ್ಲೂ ಅದೇ ಇದೆ" ಅನ್ನೋ ವಾಕ್ಯಕ್ಕೆ ಅಷ್ಟು ಕನ್ನಡ ಸಾಲಲ್ಲ.

ಅಡ್ಮಿಶನ್ ದಿನವೇ ಮನೆಯಲ್ಲಿರೋ ಎಲ್ಲಾ ಮಾತ್ರೆಗಳನ್ನ, ಖಾಲಿ ಸ್ಟ್ರಿಪ್ ಸಮೇತ, ಒಂದು ಚೀಲದಲ್ಲಿ ತನ್ನಿ. ಕಷಾಯ, ಆಯುರ್ವೇದದ ಲೇಹ್ಯ ಇದ್ದರೆ ಅದೂ ಬರಲಿ, ಮುಚ್ಚಿಡಬೇಡಿ. ಹೋಗೋ ದಿನ ಅದೇ ಚೀಲವನ್ನ ಸಿಸ್ಟರ್ ಮುಂದೆ ಸುರಿದು "ಇದರಲ್ಲಿ ಯಾವುದು ಬೇಕು, ಯಾವುದು ಬೇಡ" ಅಂತ ಒಂದೊಂದಾಗಿ ಕೇಳಿ. ಬೇಡದ್ದನ್ನ ಅಲ್ಲೇ ಬೇರೆ ಮಾಡಿ. ಹೀಗೆ ಕೇಳಿದರೆ ನಾವು ಡಾಕ್ಟರಿಗೆ ಫೋನ್ ಮಾಡಲೇಬೇಕಾಗುತ್ತೆ, ತಪ್ಪಿಸಿಕೊಳ್ಳೋಕೆ ಆಗಲ್ಲ.

ಗವಿಪುರದ ಮಗಳು

ಅಪ್ಪ ಈಗ ಪರವಾಗಿಲ್ಲ ಸಿಸ್ಟರ್, ನಾಡಿ 62ಕ್ಕೆ ಬಂದಿದೆ. ಹನುಮಂತನಗರದ ಡಾಕ್ಟರು ನಮ್ಮೆದುರೇ ಹೃದಯದ ಡಾಕ್ಟರಿಗೆ ಫೋನ್ ಹಚ್ಚಿ ಮಾತಾಡಿ, ಅಟೆನೊಲಾಲ್ ನಿಲ್ಲಿಸಿ ಮೆಟೊಪ್ರೊಲಾಲ್ ಉಳಿಸಿದರು. ನಾಲ್ಕು ನಿಮಿಷದ ಮಾತು. ಆ ನಾಲ್ಕು ನಿಮಿಷ ಮೂರನೇ ದಿನವೇ ಸಿಕ್ಕಿದ್ದರೆ ಅಂತ ಈಗಲೂ ಅನ್ನಿಸ್ತಾ ಇರುತ್ತೆ.

ಕೌಂಟರ್ ಹಿಂದಿನವನು

ಮಾಗಡಿ ರೋಡಲ್ಲಿ ಮೆಡಿಕಲ್ ಶಾಪ್. ಜನ ಡಾಕ್ಟರನ್ನ ಕೇಳೋಕೆ ಹೆದರಿದ್ದನ್ನೆಲ್ಲ ನಮ್ಮ ಹತ್ರ ಕೇಳ್ತಾರೆ. ಹೆಸರು ಬೇರೆ, ಒಳಗಿನ ಔಷಧಿ ಒಂದೇ ಅನ್ನೋದು ದಿನಾ ನೋಡೋ ವಿಷಯ. ಡೋಲೋ 650ರಲ್ಲೂ ಕ್ಯಾಲ್ಪಾಲ್‌ನಲ್ಲೂ ಇರೋದು ಪ್ಯಾರಾಸಿಟಮಾಲೇ. ಒಬ್ಬರು ಜ್ವರಕ್ಕೆ ಅಂತ ಒಂದು, ಮೈಕೈ ನೋವಿಗೆ ಅಂತ ಇನ್ನೊಂದು, ಶೀತಕ್ಕೆ ಅಂತ ಮೂರನೇದು ತಗೊಂಡರೆ ಮೂರರಲ್ಲೂ ಅದೇ ಇರಬಹುದು, ಹೊರೆ ಬೀಳೋದು ಲಿವರ್ ಮೇಲೆ. ಸ್ಟ್ರಿಪ್ ಮೇಲೆ ಬ್ರ್ಯಾಂಡ್ ಹೆಸರಿನ ಜೊತೆ ಮೂಲ ಔಷಧಿಯ ಹೆಸರೂ ಇರುತ್ತೆ, ಅದನ್ನ ಹೋಲಿಸಿ ನೋಡೋ ಅಭ್ಯಾಸ ಮಾಡ್ಕೊಳ್ಳಿ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸೋ ಚೀಟಿ ಮೆಥೊಟ್ರೆಕ್ಸೇಟ್‌ದು. ಕೀಲುವಾತಕ್ಕೆ ಕೊಡ್ತಾರೆ. ವಾರಕ್ಕೆ ಒಂದೇ ದಿನ ತಗೋಬೇಕು. ಮನೆಯಲ್ಲಿ ಉಳಿದ ಮಾತ್ರೆಯೆಲ್ಲ ದಿನಾ ನುಂಗೋ ಅಭ್ಯಾಸ ಇರೋರಿಗೆ ಇದೊಂದು ಮಾತ್ರ ವಾರಕ್ಕೊಮ್ಮೆ ಅನ್ನೋದು ತಲೆಯಲ್ಲಿ ನಿಲ್ಲಲ್ಲ. ದಿನಾ ತಗೊಂಡರೆ ಬಾಯೆಲ್ಲ ಹುಣ್ಣಾಗಿ ರಕ್ತಕಣಗಳು ಕುಸಿದು ಪ್ರಾಣಕ್ಕೇ ಬರುತ್ತೆ. ಅದಕ್ಕೇ ನಾನು ವಾರದಲ್ಲಿ ಯಾವ ದಿನ ತಗೊಳ್ತೀರಿ ಅಂತ ಕೇಳಿ, ಸ್ಟ್ರಿಪ್ ಮೇಲೆ ಮಾರ್ಕರ್‌ನಲ್ಲಿ "ಭಾನುವಾರ ಮಾತ್ರ" ಅಂತ ಕನ್ನಡದಲ್ಲಿ ದಪ್ಪಗೆ ಬರೆದೇ ಕೊಡೋದು. ಉರ್ದು ಮಾತಾಡೋರು ಬಂದರೆ ನಮ್ಮ ಹುಡುಗ ಬರೀತಾನೆ. ಇದಕ್ಕೆ ಹತ್ತು ಸೆಕೆಂಡ್ ಸಾಕು.

ಪಾವಗಡದಿಂದ

ನಾವು ಬೆಂಗಳೂರಿನವರಲ್ಲ, ಆದರೆ ಎರಡು ವರ್ಷದಿಂದ ತಿಂಗಳಿಗೊಂದು ಸಲ ಬೆಂಗಳೂರಿಗೆ ಬರ್ತೀವಿ. ನಮ್ಮನೆಯವರಿಗೆ ಕೀಮೋ. ಬಸ್ಸಲ್ಲಿ ನಾಲ್ಕು ತಾಸು, ರಾತ್ರಿ ಊರು ಸೇರ್ತೀವಿ. ಸಿಟಿಯಲ್ಲಿರೋರು ಅನುಮಾನ ಬಂದರೆ ಮತ್ತೆ ಓಪಿಡಿಗೆ ಹೋಗಬಹುದು, ನಮಗೆ ಅದಾಗಲ್ಲ.

ಮೊದಲನೇ ಕೀಮೋ ಆದಾಗ ಒಬ್ಬ ಸಿಸ್ಟರು ಫೈಲಿನ ಹಿಂಬದಿ ರಟ್ಟಿನ ಮೇಲೆ ಪೆನ್ನಲ್ಲಿ ಬರೆದುಕೊಟ್ಟರು. ನಂಗೆ ಬಾಯಿಪಾಠ ಆಗೈತೆ: "ಜ್ವರ 100.4 ದಾಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಕೀಮೋ ಆಗಿದೆ ಅಂತ ಮೊದಲು ಹೇಳಿ, ಈ ಫೈಲು ತೋರಿಸಿ." ಹನ್ನೊಂದನೇ ದಿನ ರಾತ್ರಿ ಎರಡು ಗಂಟೆಗೆ ಜ್ವರ ಬಂತು. ಥರ್ಮಾಮೀಟರ್ 101 ತೋರಿಸ್ತು. ಮಾವ "ಮಳೇಲಿ ನೆಂದಿದ್ದಕ್ಕೆ ಬಂದೈತೆ, ಬೆಳಿಗ್ಗೆ ನೋಡನ" ಅಂದ್ರು. ನಾನು ಆ ರಟ್ಟು ತೋರಿಸಿದೆ. 108ಕ್ಕೆ ಫೋನ್ ಮಾಡಿ ಜಿಲ್ಲಾ ಆಸ್ಪತ್ರೆಗೆ ಹೋದ್ವಿ. ಬಿಳಿ ರಕ್ತಕಣ ಪೂರ್ತಿ ಇಳಿದಿತ್ತು, ಆಗಲೇ ಆಂಟಿಬಯೋಟಿಕ್ ಹಚ್ಚಿದ್ರು. ಇನ್ನೂ ನಾಲ್ಕೈದು ತಾಸು ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಅಲ್ಲಿ ಡಾಕ್ಟ್ರು.

ಆ ಸಿಸ್ಟರ್ ಹೆಸರು ನಂಗೆ ಗೊತ್ತಿಲ್ಲ. ಆಮೇಲೆ ಹೋದಾಗ ಬೇರೆ ವಾರ್ಡಿಗೆ ಹಾಕಿದ್ರಂತೆ.

ಮಲ್ಲೇಶ್ವರ 15ನೇ ಅಡ್ಡರಸ್ತೆ

ಪಾವಗಡದ ಸೋದರಿ ಬರೆದದ್ದನ್ನು ಎರಡು ಸಲ ಓದಿದೆ. ನಾನು ನಿವೃತ್ತ ಮೇಷ್ಟ್ರು. ಕನ್ನಡದಲ್ಲಿ ಬರೆಯುವುದು ಭಾಷಾಭಿಮಾನದ ವಿಷಯ ಅಂತ ಮಾತ್ರ ಕೆಲವರು ತಿಳಿಯುತ್ತಾರೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕು ಅಂತ ಆರೋಗ್ಯ ಸಚಿವರನ್ನು ಕೋರಿದಾಗಲೂ ಚರ್ಚೆ ಆ ದಾರಿಯಲ್ಲೇ ಹೋಯಿತು. ಆ ರಟ್ಟಿನ ಮೇಲಿನ ನಾಲ್ಕು ಸಾಲು ಇಂಗ್ಲಿಷಿನಲ್ಲಿದ್ದಿದ್ದರೆ ರಾತ್ರಿ ಎರಡು ಗಂಟೆಗೆ ಪಾವಗಡದಲ್ಲಿ ಯಾರು ಓದಿ ಹೇಳುತ್ತಿದ್ದರು?

ವಿಜಯನಗರ ಕ್ಲಿನಿಕ್

ಮೇಷ್ಟ್ರೇ, ಒಪ್ಪಿದೆ. ಆದರೆ ಔಷಧಿಯ ಹೆಸರು ಇಂಗ್ಲಿಷಿನಲ್ಲೇ ಇರಲಿ ಅಂತೀನಿ, ಅದೂ ದೊಡ್ಡಕ್ಷರದಲ್ಲಿ. ಮೂಲ ಔಷಧಿಯ ಹೆಸರನ್ನು ಓದುವ ಹಾಗೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ವೈದ್ಯಕೀಯ ಪರಿಷತ್ತಿನ ನಿಯಮಕ್ಕೆ 2016ರಲ್ಲೇ ತಿದ್ದುಪಡಿ ಬಂದಿದೆ. ರೋಗಿ ನಾಳೆ ಹೊಸೂರಿಗೋ ಹೈದರಾಬಾದಿಗೋ ಹೋದರೆ ಅಲ್ಲಿನವರಿಗೂ ತಿಳಿಯಬೇಕಲ್ಲ. ಹೇಗೆ ತಗೋಬೇಕು, ಯಾವಾಗ ನಿಲ್ಲಿಸಬೇಕು, ಏನಾದರೆ ಓಡಿ ಬರಬೇಕು, ಇದೆಲ್ಲ ರೋಗಿಯ ಭಾಷೆಯಲ್ಲಿರಲಿ. 1-0-1 ಅನ್ನೋದು ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಅಂತ ನಮಗೆ ಸಲೀಸು. ಅದನ್ನೂ ಬಿಡಿಸಿ ಹೇಳಿಸಿಕೊಳ್ಳಬೇಕಾದವರು ದಿನಕ್ಕೆ ಇಬ್ಬರಾದರೂ ಬರ್ತಾರೆ.

ಯಲಹಂಕ ನ್ಯೂಟೌನ್

ಡಾಕ್ಟರೇ, ನೀವೆಲ್ಲ ಒಳ್ಳೆಯವರೇ. ಆದರೆ ನೇರವಾಗಿ ಕೇಳ್ತೀನಿ. ಯಾಕೆ ಒಬ್ಬರೂ ಫೋನ್ ಮಾಡಲ್ಲ? ಅಮ್ಮನಿಗೆ ಮೂತ್ರದ ಸೋಂಕಾಗಿ ನಾಲ್ಕು ದಿನ ಅಡ್ಮಿಟ್ ಮಾಡಿದ್ವಿ. ಮನೆಗೆ ಕಳಿಸುವಾಗ ಕಲ್ಚರ್ ರಿಪೋರ್ಟ್ ಬಂದಿರಲಿಲ್ಲ. ಅದು ಬರೋಕೆ ಎರಡು ಮೂರು ದಿನ ಬೇಕು ಅಂತ ನನಗೂ ಗೊತ್ತು. ಬಂತು ಕೂಡ. ಕೊಟ್ಟ ಆಂಟಿಬಯೋಟಿಕ್‌ಗೆ ಆ ಕ್ರಿಮಿ ಬಗ್ಗಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಆ ಕಾಗದ ಲ್ಯಾಬ್ ಕೌಂಟರಿನಲ್ಲಿ ಐದು ದಿನ ಕೂತಿತ್ತು. ಅಮ್ಮನಿಗೆ ಮತ್ತೆ ಚಳಿಜ್ವರ ಬಂದು ಎಮರ್ಜೆನ್ಸಿಗೆ ಹೋದಾಗ ಅಲ್ಲಿನ ಡ್ಯೂಟಿ ಡಾಕ್ಟರು ಕಂಪ್ಯೂಟರಿನಲ್ಲಿ ನೋಡಿ "ಇದು ಆಗಲೇ ಬಂದಿದೆಯಲ್ಲ" ಅಂದರು. ನನ್ನ ಮೊಬೈಲಿಗೆ ಆ ಐದು ದಿನದಲ್ಲಿ ಆಸ್ಪತ್ರೆಯಿಂದ ಮೆಸೇಜ್ ಬಂದಿತ್ತು. "ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ" ಅಂತ. ಆ ಮೆಸೇಜ್ ಕಳಿಸೋಕೆ ವ್ಯವಸ್ಥೆ ಇದೆ ಅಂದಮೇಲೆ ರಿಪೋರ್ಟ್ ಬಂದಿದೆ ಅಂತ ಹೇಳೋಕೆ ಯಾಕಿಲ್ಲ? ಇದಕ್ಕೆ ನನಗೆ ಇವತ್ತಿಗೂ ಕೋಪ ಇಳಿದಿಲ್ಲ.

ವಾರ್ಡ್ ಸಿಸ್ಟರ್

ನಿಮ್ಮ ಕೋಪ ಸರಿ. ಡಿಸ್ಚಾರ್ಜ್ ಆದಮೇಲೆ ಬರೋ ರಿಪೋರ್ಟ್ ನೋಡೋದು ಯಾರ ಕೆಲಸ ಅಂತ ಹೆಸರಿಟ್ಟು ಬರೆದಿರಲ್ಲ. ವಾರ್ಡಿನವರು ಓಪಿಡಿ ನೋಡುತ್ತೆ ಅಂದ್ಕೊಳ್ತಾರೆ, ಓಪಿಡಿಯವರು ರೋಗಿ ರಿವ್ಯೂಗೆ ತರ್ತಾರೆ ಅಂದ್ಕೊಳ್ತಾರೆ. ಬಯಾಪ್ಸಿದೂ ಇದೇ ಕಥೆ, ಅದು ವಾರ ಹಿಡಿಯುತ್ತೆ. ಹೊರಡೋ ಮುಂಚೆ "ಇನ್ನೂ ಯಾವ ರಿಪೋರ್ಟ್ ಬರಬೇಕು, ಯಾವತ್ತು ಬರುತ್ತೆ, ಬಂದಮೇಲೆ ಯಾರಿಗೆ ತೋರಿಸಬೇಕು" ಅಂತ ಮೂರೂ ಕೇಳಿ ಸಮ್ಮರಿ ಮೇಲೆ ಬರೆಸಿಕೊಳ್ಳಿ. ನಮ್ಮಲ್ಲಿ ಇಬ್ಬರು ಸಿಸ್ಟರು ಸೇರಿ ಒಂದು ನೋಟ್‌ಬುಕ್ ಇಟ್ಟಿದ್ದೀವಿ, ಬಾಕಿ ರಿಪೋರ್ಟಿನವರ ಹೆಸರು ಬರೆದು ಬಂದಾಗ ಫೋನ್ ಮಾಡ್ತೀವಿ. ನಾವಿಬ್ಬರೂ ರಜೆ ಇದ್ದ ದಿನ ಅದನ್ನ ಯಾರೂ ತೆಗೆಯಲ್ಲ. ಇಬ್ಬರ ಒಳ್ಳೆತನದ ಮೇಲೆ ನಡೆಯೋ ಕೆಲಸ ಅಲ್ಲ ಇದು.

ಕಾನೂನು ಓದಿದವಳು, ಬನಶಂಕರಿ

ನಿಯಮದಲ್ಲಿ ಏನಿದೆ ಅಂತ ಸ್ವಲ್ಪ ಹೇಳ್ತೀನಿ, ಬಹಳ ಜನಕ್ಕೆ ಗೊತ್ತಿಲ್ಲ. ವೈದ್ಯರ ನಡವಳಿಕೆ ಬಗ್ಗೆ 2002ರ ನಿಯಮಗಳಿವೆ. ಅದರ ಪ್ರಕಾರ ರೋಗಿಯಾಗಲಿ ಅವರು ಒಪ್ಪಿಗೆ ಕೊಟ್ಟವರಾಗಲಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಕಾಪಾಡಬೇಕು. ಬಾಯಲ್ಲಿ ಕೇಳಬೇಡಿ, ಕಾಗದದ ಮೇಲೆ ಬರೆದು ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಇನ್ನೊಂದು, ಫೋನಿನಲ್ಲಿ ಸಲಹೆ ಕೊಡೋದು ಕಾನೂನಿಗೆ ವಿರುದ್ಧ ಅಂತ ಕೆಲವು ಆಸ್ಪತ್ರೆಗಳಲ್ಲಿ ಹೇಳಿ ಕಳಿಸ್ತಾರೆ. ಅದು ಸರಿಯಲ್ಲ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ವಿಡಿಯೋ, ಫೋನ್, ಮೆಸೇಜ್ ಮೂರಕ್ಕೂ ಅವಕಾಶ ಇದೆ. ಎದುರಾಎದುರು ತೋರಿಸಿಕೊಂಡ ಆರು ತಿಂಗಳೊಳಗೆ ಅದೇ ಕಾಯಿಲೆಗೆ ಅದೇ ಡಾಕ್ಟರನ್ನು ಕೇಳಿದರೆ ಅದನ್ನು ಮುಂದುವರಿದ ಸಮಾಲೋಚನೆ ಅಂತಲೇ ಪರಿಗಣಿಸುತ್ತೆ. ಫೋನಿನಲ್ಲಿ ಆಗಲ್ಲ, ಬಂದು ತೋರಿಸಿ ಅಂತ ಹೇಳುವ ಹಕ್ಕೂ ಡಾಕ್ಟರಿಗಿದೆ, ಅದನ್ನೂ ನಾವು ಗೌರವಿಸಬೇಕು. ಅದಕ್ಕೆ ಫೀಸ್ ಕೇಳಿದರೆ ಕೊಡೋದು ನ್ಯಾಯ.

ವಿಜಯನಗರ ಕ್ಲಿನಿಕ್

ಫೀಸ್ ವಿಷಯ ನೀವೇ ಹೇಳಿದ್ದು ಒಳ್ಳೇದಾಯ್ತು. ನಾನು ಮೊದಲು ವಾಟ್ಸಾಪ್ ನಂಬರ್ ಎಲ್ಲರಿಗೂ ಕೊಡ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಹೆಸರಿಲ್ಲದ, ತಾರೀಖಿಲ್ಲದ ರಿಪೋರ್ಟ್ ಫೋಟೋ ಬರೋದು, ಕೆಳಗೆ "ನಾರ್ಮಲ್ಲಾ ಸಾರ್?" ಅಂತ. ಯಾರದ್ದು ಅಂತಲೇ ತಿಳಿಯೋದಿಲ್ಲ. ಒಂದು ದಿನ ಒಬ್ಬರು "ಎದೆ ಹಿಡಿದ ಹಾಗಿದೆ" ಅಂತ ಮೆಸೇಜ್ ಹಾಕಿದ್ದರು. ನಾನು ಮದುವೆ ಮನೆಯಲ್ಲಿದ್ದೆ, ನೋಡಿದ್ದು ಎರಡು ಗಂಟೆ ಬಿಟ್ಟು. ದೇವರ ದಯೆ, ಅವರ ಮಗ ಅಷ್ಟರಲ್ಲಿ ಆಸ್ಪತ್ರೆಗೆ ಸೇರಿಸಿದ್ದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಮಧ್ಯಾಹ್ನ ಒಂದೂವರೆಯಿಂದ ಎರಡರವರೆಗೆ ಫೋನ್ ಸಮಯ ಅಂತ ಬೋರ್ಡ್ ಹಾಕಿದ್ದೀನಿ. ಆ ಅರ್ಧ ಗಂಟೆ ರೋಗಿಗಳನ್ನು ಕೂರಿಸಲ್ಲ. ಚೀಟಿಯ ಕೆಳಗೆ ರಬ್ಬರ್ ಸ್ಟ್ಯಾಂಪ್: ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು ಇದ್ದರೆ ಮೆಸೇಜ್ ಬೇಡ, ನೇರ 108. ಉಳಿದ ಅನುಮಾನಕ್ಕೆ ಈ ಸಮಯ. ಅಬ್ಬಬ್ಬಾ ಅಂದರೆ ದಿನಕ್ಕೆ ಏಳೆಂಟು ಕರೆ ಬರುತ್ತೆ, ಬಹುತೇಕ ಒಂದು ನಿಮಿಷದವು. ದೊಡ್ಡ ಆಸ್ಪತ್ರೆಗಳಲ್ಲಿ ಒಬ್ಬ ಸಿಸ್ಟರನ್ನೋ ಫಾರ್ಮಸಿಸ್ಟನ್ನೋ ಈ ಕೆಲಸಕ್ಕೇ ಅಂತ ಕೂರಿಸಿದರೆ, ಅವರಿಗೆ ಫೈಲು ನೋಡಲು ಅಧಿಕಾರ ಕೊಟ್ಟರೆ, ಗವಿಪುರದವರ ಕರೆಗೆ ಮೂರನೇ ದಿನವೇ ಉತ್ತರ ಸಿಗ್ತಿತ್ತು.

ಕೌಂಟರ್ ಹಿಂದಿನವನು

ಸರ್ಕಾರದ 104 ಆರೋಗ್ಯ ಸಹಾಯವಾಣಿಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಸಾಮಾನ್ಯ ಅನುಮಾನಕ್ಕೆ ಆಗುತ್ತೆ. ಆದರೆ ನಿಮ್ಮ ಫೈಲು ಅವರ ಮುಂದೆ ಇರಲ್ಲ ಅನ್ನೋದು ನೆನಪಿರಲಿ.

ಗವಿಪುರದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಿವ್ಯೂ ಇತ್ತು, ಹೋಗಿ ಬಂದ್ವಿ. ಸಿಸ್ಟರ್ ಹೇಳಿದ ಹಾಗೆ ಮನೆಯ ಮಾತ್ರೆಗಳನ್ನೆಲ್ಲ ಬಟ್ಟೆ ಚೀಲದಲ್ಲಿ ತಗೊಂಡು ಹೋಗಿ ಡಾಕ್ಟರ ಟೇಬಲ್ ಮೇಲೆ ಸುರಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಒಂದೊಂದೇ ಎತ್ತಿ ನೋಡಿದರು. ನಡೆದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಮ್ಮರಿಯಲ್ಲಿ ಬರೆಯಬೇಕಿತ್ತು, ಬರೆದಿಲ್ಲ. ನನ್ನ ತಪ್ಪು" ಅಂದರು. ಅಷ್ಟು ದೊಡ್ಡ ಡಾಕ್ಟರು ಹಾಗೆ ಹೇಳಿದಾಗ ಅಪ್ಪನಿಗೆ ಕಣ್ಣು ತುಂಬಿ ಬಂತು. ಆಮೇಲೆ ಒಂದು ಬಿಳಿ ಹಾಳೆಯಲ್ಲಿ ನಾನು ಕನ್ನಡದಲ್ಲಿ ಬರೆದೆ, ಅವರು ಓದಿ ಸಹಿ ಹಾಕಿದರು. ಯಾವ ಮಾತ್ರೆ, ಯಾತಕ್ಕೆ, ಯಾವ ಹೊತ್ತಿಗೆ, ಎಷ್ಟು ದಿನ. ಕೆಳಗೆ "ಇವನ್ನು ಇನ್ನು ತಗೋಬಾರದು" ಅಂತ ಇನ್ನೊಂದು ಪಟ್ಟಿ. ಓಪಿಡಿ ಸಿಸ್ಟರ್ ಒಬ್ಬರ ನಂಬರನ್ನೂ ಕೊಟ್ಟಿದ್ದಾರೆ, ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ.

ವಿಜಯನಗರದ ಡಾಕ್ಟರು ಹೇಳಿದ ಪ್ರಶ್ನೆಯನ್ನ ಮನೆಗೆ ಬಂದು ನಾನೇ ಅಪ್ಪನಿಗೆ ಕೇಳಿದೆ. ಐದು ಮಾತ್ರೆಯಲ್ಲಿ ನಾಲ್ಕನ್ನ ಸರಿಯಾಗಿ ಹೇಳಿದರು. ಕೊಲೆಸ್ಟ್ರಾಲ್ ಮಾತ್ರೆಯನ್ನ ಗ್ಯಾಸ್ಟ್ರಿಕ್‌ದು ಅಂದ್ಕೊಂಡಿದ್ದರು, ಹೊಟ್ಟೆ ಸರಿ ಇದ್ದ ದಿನ ಬಿಡ್ತಿದ್ದರಂತೆ.

ವಾರ್ಡ್ ಸಿಸ್ಟರ್

ಆ ಹಾಳೆಯ ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲಿಗೂ ಕಳಿಸಿ ಅಕ್ಕ. ಮತ್ತೆ, ಆ ಹಳೇ ಅಟೆನೊಲಾಲ್ ಸ್ಟ್ರಿಪ್ ಏನು ಮಾಡಿದ್ರಿ?

ಗವಿಪುರದ ಮಗಳು

ನೀವು ಕೇಳಿದ್ದಕ್ಕೆ ಈಗ ಎದ್ದು ಹೋಗಿ ನೋಡಿದೆ. ಚೀಲಕ್ಕೆ ಹಾಕಿದ್ದು ಒಂದು ಸ್ಟ್ರಿಪ್ ಮಾತ್ರ. ಇನ್ನೊಂದು, ಆರು ಮಾತ್ರೆ ಉಳಿದಿದ್ದು, ಅಪ್ಪನ ಮಂಚದ ಪಕ್ಕದ ಡ್ರಾಯರಿನಲ್ಲೇ ಇತ್ತು, ಕನ್ನಡಕದ ಡಬ್ಬಿ ಕೆಳಗೆ. ತೆಗೆದಿಟ್ಟಿದ್ದೀನಿ.